ಮಳೆ ಶುರುವಾದ ಮೇಲೆ ಹಸುಗಳು ಕಾಲು ಬಡಿಯುತ್ತಿವೆ, ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಚನ್ನರಾಯಪಟ್ಟಣದ ಹತ್ತಿರ ನಮ್ಮದು 8 ಎಚ್‌ಎಫ್ ತಳಿಯ ಹಸುಗಳ ಕೊಟ್ಟಿಗೆ. ಬೇಸಿಗೆಯಲ್ಲಿ ನೊಣದ ಕಾಟ ಅಷ್ಟಿರಲಿಲ್ಲ. ಮಳೆ ಶುರುವಾಗಿ ಒಂದು ತಿಂಗಳಾಯಿತು, ಈಗ ಹಸುಗಳು ನಿಂತಲ್ಲಿ ನಿಲ್ಲುತ್ತಿಲ್ಲ. ಮುಂಗಾಲು ನೆಲಕ್ಕೆ ಬಡಿಯುತ್ತವೆ, ಕರೆಯುವಾಗ ಒದೆಯುತ್ತವೆ. ಹಾಲೂ ಇಳಿದಿದೆ. ಸಗಣಿ ದಿನಾ ಎರಡು ಹೊತ್ತು ಎತ್ತುತ್ತೇವೆ, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ಆದರೂ ಎಲ್ಲಿಂದ ಬರುತ್ತವೆ ಈ ನೊಣಗಳು?

ಪಶುವೈದ್ಯರ ಉತ್ತರ: ಮುಂಗಾಲು ಬಡಿಯುತ್ತವೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಇದು ಸ್ಟೊಮಾಕ್ಸಿಸ್ ಅನ್ನುವ ಕಚ್ಚುವ ನೊಣ ಇರಬೇಕು. ನೋಡಲು ಮನೆನೊಣದ ಹಾಗೇ ಇರುತ್ತದೆ, ಆದರೆ ಸೂಜಿಯಂಥ ಬಾಯಿ ಮುಂದಕ್ಕೆ ಚಾಚಿರುತ್ತದೆ. ಗಂಡು, ಹೆಣ್ಣು ಎರಡೂ ರಕ್ತ ಕುಡಿಯುತ್ತವೆ, ಕಾಲಿನ ಮೇಲೇ ಜಾಸ್ತಿ. ಕೆಲವೇ ನಿಮಿಷ ಕುಡಿದು ಗೋಡೆಗೋ ಕಂಬಕ್ಕೋ ಹೋಗಿ ಕೂರುತ್ತವೆ. ಅದಕ್ಕೇ ಹಸುವಿನ ಮೈಗೆ ಏನು ಬಳಿದರೂ ಪೂರ್ತಿ ಹತೋಟಿಗೆ ಬರುವುದಿಲ್ಲ.

ನೀವು ಸಗಣಿ ಎತ್ತುವುದು ಒಳ್ಳೆಯದೇ. ಆದರೆ ಈ ನೊಣಕ್ಕೆ ಬರೀ ಹಸಿ ಸಗಣಿಗಿಂತ ಸಗಣಿ, ಗಂಜಲ, ತಿಂದು ಬಿಟ್ಟ ಹುಲ್ಲು ಸೇರಿ ಕೊಳೆತ ಜಾಗ ಇಷ್ಟ. ಗೋದಲಿಯ ಬುಡ, ಬಣವೆಯ ನೆನೆದ ಅಡಿ, ಸೈಲೇಜ್ (ಹುದುಗಿಸಿಟ್ಟ ಹಸಿಮೇವು) ಚೆಲ್ಲಿದ ಕಡೆ, ತಿಪ್ಪೆಯ ಅಂಚು ನೋಡಿ. ಬೇಸಿಗೆಯಲ್ಲಿ ಇವೆಲ್ಲ ಒಣಗಿರುತ್ತವೆ, ನೊಣದ ಮರಿಹುಳ ಬದುಕುವುದಿಲ್ಲ. ಮಳೆ ಬಂದು ತೇವ ನಿಂತರೆ ಮೊಟ್ಟೆಯಿಂದ ನೊಣ ಆಗಲು ಸುಮಾರು 3 ವಾರ ಸಾಕು. ನೀವು ಹೇಳಿದ ಒಂದು ತಿಂಗಳಿಗೆ ಲೆಕ್ಕ ಸರಿಹೋಯಿತು, ಅಲ್ವಾ? ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ.

ಅಮೆರಿಕದ ನೆಬ್ರಾಸ್ಕದ ಕಡೆ ಚಳಿಗಾಲದಲ್ಲಿ ದನಗಳಿಗೆ ಹುಲ್ಲಿನ ಉಂಡೆ ಹಾಕಿದ ಜಾಗದಲ್ಲಿ ಉಳಿದ ಕೊಳೆಯಿಂದಲೇ ಬೇಸಿಗೆಯ ಶುರುವಿನಲ್ಲಿ ಈ ನೊಣ ಏಳುತ್ತದೆ. ಅಲ್ಲಿ ಚಳಿ ಬಿಡಬೇಕು, ಇಲ್ಲಿ ಮಳೆ ಹಿಡಿಯಬೇಕು, ಅಷ್ಟೇ ವ್ಯತ್ಯಾಸ.

ಈ ಜಾಗಗಳನ್ನು ವಾರಕ್ಕೊಮ್ಮೆ ತಪ್ಪದೆ ಕೆರೆದು ತೆಗೆಯಿರಿ. 3 ವಾರ ತುಂಬುವುದರೊಳಗೆ ಹುಳ ಹೊರಗೆ ಹೋಗಬೇಕು. ಬಿಸಿಲಿದ್ದರೆ ತೆಳ್ಳಗೆ ಹರಡಿ ಒಣಗಿಸಿ. ಮಳೆಯಲ್ಲಿ ಅದಾಗದು, ಆಗ ತಿಪ್ಪೆಗೆ ಟಾರ್ಪಾಲ್ ಬಿಗಿಯಾಗಿ ಮುಚ್ಚಿ. ಒಳಗಿನ ಕಾವಿಗೆ ಹುಳ ಸಾಯುತ್ತವೆ. ಹೊಗೆ ಆ ಹೊತ್ತಿಗೆ ಮಾತ್ರ. ಕರೆಯುವ ಹಸುವಿಗೆ ಅಂಗಡಿಯ ಔಷಧಿ ತಂದು ಸುಮ್ನೆ ಸಿಂಪಡಿಸಬೇಡಿ, ಹಾಲಿಗೆ ಸೇರುತ್ತದೆ. ನಿಮ್ಮ ಊರಿನ ಪಶುವೈದ್ಯರನ್ನು ಕೇಳಿ.

ಇನ್ನೊಬ್ಬ ಸದಸ್ಯೆ: ಸರ್, ಚರ್ಮಗಂಟು ರೋಗವೂ ಇದರಿಂದ ಹರಡುತ್ತದಾ?

ಉತ್ತರ: ಹರಡಬಹುದಮ್ಮ. ಹಸು ಬಾಲ ಬೀಸಿದರೆ ನೊಣ ಅರ್ಧಕ್ಕೇ ಎದ್ದು ಪಕ್ಕದ ಹಸುವಿಗೆ ಚುಚ್ಚುತ್ತದೆ, ಬಾಯಿಗೆ ಅಂಟಿದ ವೈರಸ್ಸೂ ಜೊತೆಗೆ ಹೋಗುತ್ತದೆ. ಗಂಟು ಎದ್ದ ಹಸುವನ್ನು ದೂರ ಕಟ್ಟಿ. ಲಸಿಕೆ ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಈಗಷ್ಟೇ ಗೋದಲಿ ಬುಡದ ಕಲ್ಲು ಎತ್ತಿ ನೋಡಿದೆ. ರಾಗಿ ಹುಲ್ಲು ಕಪ್ಪಗೆ ಕೊಳೆತು ಬಿಳಿ ಹುಳ ಮಿಜಿಮಿಜಿ ಅನ್ನುತ್ತಿವೆ. ಕಂದು ಬಣ್ಣದ ಕಾಳಿನಂಥವೂ ಇವೆ.

ಉತ್ತರ: ಆ ಕಾಳಿನಂಥವು ಕೋಶಗಳು, ಹುಳ ನೊಣವಾಗುವ ಮುಂಚಿನ ಹಂತ. ಇನ್ನು ಕೆಲವೇ ದಿನಕ್ಕೆ ಹಾರುತ್ತವೆ. ಇವತ್ತೇ ತೆಗೆಯಿರಿ, ತಿಪ್ಪೆ ಮೇಲೆ ಹಾಗೇ ಸುರಿಯಬೇಡಿ, ಒಳಗೆ ಆಳಕ್ಕೆ ಹುಗಿದು ಮೇಲೆ ಟಾರ್ಪಾಲ್ ಹಾಕಿ.