ಖಣದ ಕ್ವಿಲ್ಟ್: ಇಸ್ತ್ರಿ ಮಾಡಿದ ಮೇಲೆ ಗೆರೆ ಕಂದಾಯಿತು, ನಕ್ಷತ್ರವೂ ಎದ್ದು ಕಾಣುತ್ತಿಲ್ಲ

ಪ್ರಶ್ನೆ – ಡೊಂಬಿವ್ಲಿ

12 ಇಂಚಿನ ನಕ್ಷತ್ರದ ಬ್ಲಾಕ್ (ತುಂಡುಗಳನ್ನು ಜೋಡಿಸಿ ಹೊಲಿದ, ಕ್ವಿಲ್ಟಿನ ಒಂದು ಚೌಕ). ಮೊನೆಗಳಿಗೆ ಮೆರೂನ್ ಖಣ (ಕುಪ್ಪಸದ ಬಟ್ಟೆ), ಹಿನ್ನೆಲೆಗೆ ಬಾಟಲ್ ಗ್ರೀನ್ ಖಣ, ನಡುವಿನ ಚೌಕಕ್ಕೆ ಕೆನೆಬಿಳಿ ಕೇಂಬ್ರಿಕ್ ಹತ್ತಿಬಟ್ಟೆ. ತೊಂದರೆಗಳು ಇವು:

ನಡುವಿನ ಚೌಕದಲ್ಲಿ ಕೈಹೊಲಿಗೆಗೆಂದು ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಗೆರೆ ಹಾಕಿದ್ದು, ಬ್ಲಾಕ್ ಇಸ್ತ್ರಿ ಮಾಡಿದ ಮೇಲೆ ಕಂದು ಬಣ್ಣಕ್ಕೆ ತಿರುಗಿದೆ. ತಾನಾಗಿ ಮಾಯವಾಗುವ ನೇರಳೆ ಪೆನ್ನಿನ ಗೆರೆ ಹೊಲಿಯಲು ಕೂರುವಷ್ಟರಲ್ಲಿ ಇರುವುದೇ ಇಲ್ಲ. ದೂರದಿಂದ ನೋಡಿದರೆ ನಕ್ಷತ್ರ ಕಾಣುವುದಿಲ್ಲ. ಒಂದೇ ಖಣದಿಂದ ಕತ್ತರಿಸಿದ ಮೊನೆಗಳಲ್ಲಿ ಕೆಲವು ತಿಳಿ, ಕೆಲವು ಗಾಢವಾಗಿ ಕಾಣುತ್ತವೆ. ಎಲ್ಲಿ ತಪ್ಪುತ್ತಿದೆ?

ಉತ್ತರ – ಪುಣೆ

ಅಕ್ಕಾರ, ಮೊದಲು ಗೆರೆಯ ಮಾತು. ನೀಲಿ ಪೆನ್ನಿನ ಗೆರೆಗೆ ಶಾಖ ತಾಗಿದರೆ ಅದು ಬಟ್ಟೆಯಲ್ಲಿ ಕೂತುಬಿಡ್ತದ. ಸೋಪಿನ ಪುಡಿ ತಾಗಿದರೂ ಅಷ್ಟೇ. ಹಾಗಾಗಿ ಆ ಪೆನ್ ಬಳಸೋದು ಕೊನೆಗೆ: ಎಲ್ಲಾ ತುಂಡು ಜೋಡಿಸಿ, ಇಸ್ತ್ರಿ ಪೂರ್ತಿ ಮುಗಿಸಿ, ಆಮೇಲೆ ಕೈಹೊಲಿಗೆಯ ಗೆರೆ ಹಾಕ್ರಿ. ಹೊಲಿಗೆ ಆದ ಮೇಲೆ ಇಡೀ ಕ್ವಿಲ್ಟನ್ನು ಬರೀ ತಣ್ಣೀರಿನಲ್ಲಿ ಮುಳುಗಿಸ್ರಿ. ನೀರು ಚಿಮುಕಿಸಿದರೆ ಬಣ್ಣ ಒಳಗಿನ ಹತ್ತಿಗೆ ಇಳಿದು, ಒಣಗುವಾಗ ಮತ್ತೆ ಮೇಲೆ ಬರ್ತದ.

ನೇರಳೆ ಪೆನ್ ಗಾಳಿಯ ತೇವಕ್ಕೆ ಅಳಿಯೋದು. ಮಳೆಗಾಲದ ಮುಂಬೈಯಲ್ಲಿ ಅದು ನಿಲ್ಲೋದಿಲ್ಲ.

ಆದರೆ ನಿಮಗೆ ಜೋಡಣೆಗೆ ಅಳಿಯೋ ಪೆನ್ನೇ ಬೇಕಾಗಿಲ್ಲ. ಮೊನೆಯ ಚೌಕದ ಉಲ್ಟಾ ಬದಿಗೆ ಮೂಲೆಯಿಂದ ಮೂಲೆಗೆ ಹಾಕೋ ಗೆರೆಯ ಎರಡೂ ಕಡೆ ಕಾಲು ಇಂಚು ಬಿಟ್ಟು ಹೊಲಿದು, ಗೆರೆಯ ಮೇಲೇ ಕತ್ತರಿಸ್ತೀರಿ. ಆ ಗೆರೆ ಮಾರ್ಜಿನ್ (ಹೊಲಿಗೆಯ ಆಚೆ ಬಿಟ್ಟ ಅಂಚು) ಒಳಗೆ ಮುಚ್ಚಿ ಹೋಗ್ತದ. 0.5 ಎಂ.ಎಂ. ಪೆನ್ಸಿಲ್ ಸಾಕು. ಕಪ್ಪಗಿನ ಖಣದ ಮೇಲೆ ಪೆನ್ಸಿಲ್ ಕಾಣದಿದ್ದರೆ ಸವೆದ ಸಾಬೂನಿನ ತೆಳು ಚೂರು ತಗೊಳ್ರಿ. ಬಟ್ಟೆ ಜಾರ್ತದಂದ್ರ ಕೆಳಗೆ ಪಾಲಿಶ್ ಪೇಪರ್ (ಮರ ಉಜ್ಜೋ ಮರಳು ಕಾಗದ) ಹಾಸ್ರಿ. ಇಲ್ಲಾಂದ್ರ ಪೆನ್ಸಿಲ್ ಬಟ್ಟೆಯನ್ನ ಎಳೆದು ಗೆರೆ ಸೊಟ್ಟಾಗ್ತದ.

ಚಾಕಿನ ದಪ್ಪ ಗೆರೆ ಮಾತ್ರ ಬೇಡ. ಸಾಲಿನಲ್ಲಿ 8 ತುಂಡು ಇದ್ದರೆ 7 ಹೊಲಿಗೆ. ಪ್ರತಿ ಹೊಲಿಗೆಗೆ ಎರಡು ಅಂಚು, ಅಂಚಿಗೆ ಅರ್ಧ ಮಿ.ಮೀ. ತಪ್ಪಿದರೂ ಸಾಲಿನ ಉದ್ದ 7 ಮಿ.ಮೀ. ಏರುಪೇರು. ಆಮೇಲೆ ಮೂಲೆಗಳು ಕೂಡೋದೇ ಇಲ್ಲ.

ಉತ್ತರ – ಮಾಟುಂಗ

ಮೆರೂನ್, ಬಾಟಲ್ ಗ್ರೀನ್ ಬಣ್ಣದಲ್ಲಿ ಬೇರೆ, ಗಾಢತೆಯಲ್ಲಿ ಒಂದೇ. ಕ್ವಿಲ್ಟಿನಲ್ಲಿ ಆಕಾರ ಎದ್ದು ಕಾಣುವುದು ತಿಳಿ-ಗಾಢದ ಅಂತರದಿಂದ. ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದು ಬಣ್ಣಕ್ಕೆ ಬಂದರೆ ಅವನ್ನು ಅಕ್ಕಪಕ್ಕ ಹೊಲಿಯಬೇಡಿ.

ಖಣದಲ್ಲಿ ನಮಗೆ ಸುಲಭವಾಗಿ ಸಿಗುವುದು ಮೆರೂನ್, ನೇರಳೆ, ಕಡುನೀಲಿ, ಬಾಟಲ್ ಗ್ರೀನ್, ಎಲ್ಲವೂ ಗಾಢವೇ. ಆದ್ದರಿಂದ ಖಣವನ್ನು ಮೊನೆಗಳಿಗೆ ಮಾತ್ರ ಇಟ್ಟುಕೊಂಡು, ಹಿನ್ನೆಲೆಗೆ ಕೆನೆಬಿಳಿ ಅಥವಾ ತೀರ ತಿಳಿ ಬೂದು ಹತ್ತಿ ಹಾಕಿ. ಸಣ್ಣ ಪ್ರಿಂಟ್ ಆದರೂ ಸರಿ, ಆದರೆ ಅದರ ಚುಕ್ಕಿ ಗಾಢವಾಗಿರಬಾರದು. ನಡುವಿನ ಚೌಕಕ್ಕೆ ಅರಿಶಿನ ಹಳದಿ ಚೆನ್ನಾಗಿ ಒಪ್ಪುತ್ತದೆ. ಅದು ಸ್ವಲ್ಪ ಇದ್ದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಹಾಗಾಗಿ ಬ್ಲಾಕಿಗೆ ಒಂದೇ ತುಂಡು. ಮುಂಬೈಯ ಬಟ್ಟೆಪೇಟೆ ಮಂಗಳದಾಸ್ ಮಾರ್ಕೆಟ್ ಒಳಗಿನ ದೀಪದ ಬೆಳಕನ್ನು ನಂಬಬೇಡಿ, ತುಂಡು ಕೇಳಿ ಬಾಗಿಲ ಬೆಳಕಿಗೆ ತಂದು ನೋಡಿ.

ಮೆರೂನಿನ ಬಣ್ಣ ಬಿಡುತ್ತದೆಯೇ ಎಂಬುದನ್ನೂ ಈಗಲೇ ನೋಡಿಬಿಡಿ. ಎರಡು ಇಂಚಿನ ತುಂಡನ್ನು ಬಿಳಿ ಬಟ್ಟಲಿನ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಒದ್ದೆಯಾಗಿಯೇ ಬಿಳಿ ಹತ್ತಿಯ ಮೇಲೆ ಒಣಗಿಸಿ. ನಾಲ್ಕೈದು ಬಾರಿ ನೀರು ಬದಲಿಸಿದರೂ ಕಲೆ ಬೀಳುತ್ತಿದ್ದರೆ ಆ ಬಟ್ಟೆ ಬಿಳಿಯ ಪಕ್ಕಕ್ಕೆ ಬೇಡವೇ ಬೇಡ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಂದು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ – ಡೊಂಬಿವ್ಲಿ

ಇಬ್ಬರಿಗೂ ಧನ್ಯವಾದ. ಕಂದು ಗೆರೆ ತೆಗೆಯಲು ದಾರಿ ಇದೆಯೇ? ಮೊನೆಗಳ ಎರಡು ಛಾಯೆಗೆ ಏನು ಮಾಡಲಿ? ಈ ಖಣದ ಅಂಚು ಕೂಡ ಬೇಗ ಬಿಚ್ಚಿಕೊಳ್ಳುತ್ತದೆ.

ಉತ್ತರ – ವಾಸ್ಕೋ, ಗೋವಾ

ಕಂದು ಗೆರೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ನೋಡಿ. ಹೋಗದಿದ್ದರೆ ಬ್ಲೀಚಿಗೆ ಕೈ ಹಾಕಬೇಡಿ, ಖಣ ಹಾಳಾಗುತ್ತದೆ. ನಡುವಿನ ಚೌಕ ಬಿಚ್ಚಿ ಹೊಸ 6½ ಇಂಚಿನ ತುಂಡು ಕೂರಿಸುವುದೇ ಮೇಲು.

ಎರಡು ಛಾಯೆಗೆ ಕಾರಣ ನೇಯ್ಗೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಬಣ್ಣವಾದರೆ ತುಂಡನ್ನು ಕಾಲು ಸುತ್ತು ತಿರುಗಿಸಿದಾಗ ಛಾಯೆಯೇ ಬದಲಾಗುತ್ತದೆ. ಹೀಗೆ ಮಾಡಿ:

ಕತ್ತರಿಸುವ ಮೊದಲು ಖಣದ ಉಲ್ಟಾ ಬದಿಗೆ ತೀರ ತೆಳುವಾದ ಬಿಳಿ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿ. ಇಸ್ತ್ರಿ ಎಳೆಯಬೇಡಿ, ಒತ್ತಿ ಎತ್ತಿ. ಅಂಚು ಬಿಚ್ಚುವುದು ನಿಲ್ಲುತ್ತದೆ, ಬಿಳಿ ಮೇಲೆ ಪೆನ್ಸಿಲ್ ಗೆರೆಯೂ ಸ್ಪಷ್ಟ. ಒಂದು ಬ್ಲಾಕಿಗೆ ಹಿನ್ನೆಲೆಯ 7½ ಇಂಚಿನ ಚೌಕ ಒಂದು, ಖಣದ 4 ಇಂಚಿನ ಚೌಕ ನಾಲ್ಕು. ಸಣ್ಣ ಚೌಕಗಳನ್ನು ದೊಡ್ಡದರ ಮೂಲೆಗಳಿಗೆ ಇಟ್ಟು, ಪುಣೆಯವರು ಹೇಳಿದಂತೆ ಗೆರೆಯ ಎರಡೂ ಕಡೆ ಹೊಲಿದು ಕತ್ತರಿಸಿದರೆ ಇವುಗಳಿಂದ ಮೊನೆಯ ನಾಲ್ಕು ತುಂಡು ಬರುತ್ತವೆ, ಪ್ರತಿಯೊಂದನ್ನೂ 3½ × 6½ಕ್ಕೆ ಸರಿಮಾಡಿ. ಮೂಲೆಗಳಿಗೆ ಹಿನ್ನೆಲೆಯ 3½ ಇಂಚಿನ ಚೌಕ ನಾಲ್ಕು.

ಖಣದ ಚೌಕದ ಹಿಂದೆ ಮೂಲೆಗೆರೆಯ ಎರಡೂ ಬದಿಗೆ ಹಾಸಿನ ದಿಕ್ಕಿನಲ್ಲಿ ಒಂದೊಂದು ಬಾಣ ಹಾಕಿ. ದೊಡ್ಡ ಚೌಕದ ಹಿಂದೆ ನಾಲ್ಕೂ ಅಂಚಿನ ಬಳಿ ಒಂದೊಂದು, ಎಲ್ಲವೂ ಒಂದೇ ಕಡೆಗೆ. ಹೊಲಿಯುವಾಗ ದೊಡ್ಡ ಚೌಕದ ಬಾಣ ನೆಟ್ಟಗಿದ್ದರೆ ಸಣ್ಣ ಚೌಕಗಳ ಬಾಣ ಅಡ್ಡಡ್ಡ ಇರಲಿ. ಓರೆ ಹೊಲಿಗೆ ಮಡಚಿ ಬಿಡಿಸಿದಾಗ ದಿಕ್ಕು ಅದಲುಬದಲಾಗಿ ಅವೂ ನೆಟ್ಟಗಾಗುತ್ತವೆ. ನಾಲ್ಕು ತುಂಡುಗಳಲ್ಲಿ ಎರಡರ ಬಾಣ ಉದ್ದಬದಿಗೆ ಸಮಾನ, ಎರಡರದು ಗಿಡ್ಡಬದಿಗೆ. ಗಿಡ್ಡಬದಿಗೆ ಸಮಾನವಾದವು ನಕ್ಷತ್ರದ ಮೇಲೆ-ಕೆಳಗೆ, ಉಳಿದವು ಎಡ-ಬಲ. ಈ ಜಾಗ ತಪ್ಪಿಸಿ ತಿರುಗಿಸಿ ಹೊಲಿದರೆ ಮತ್ತೆ ಎರಡು ಛಾಯೆ ಬರುತ್ತದೆ.