ನೋವಿಲ್ಲದ ಸುಟ್ಟ ಗಾಯ: ಭಾನುವಾರದ ಚರ್ಮರೋಗ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಚರ್ಮರೋಗ ವೈದ್ಯರಾಗಿರುವ ನಮ್ಮ ಗುಂಪಿನ ಡಾಕ್ಟರಮ್ಮ ಇಂದು ಬೆಳಗ್ಗೆ 10ರಿಂದ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ರೋಗಿಯ ವಯಸ್ಸು, ಎಷ್ಟು ದಿನದಿಂದ ಇದೆ, ಈವರೆಗೆ ಹಚ್ಚಿದ್ದು ನುಂಗಿದ್ದು ಏನೇನು, ಮೂರನ್ನೂ ಬರೆಯಿರಿ. ಮುಖ ಕಾಣುವ ಫೋಟೋ ಹಾಕಬೇಡಿ.

ಶ್ರೀರಂಗಪಟ್ಟಣದ ಸದಸ್ಯ: ಮೇಡಂ, ವಯಸ್ಸು 29. ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದು ಎಂಟು ತಿಂಗಳಾಯಿತು. ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ನಾಲ್ಕು ದಿನದಲ್ಲಿ ಕಡಿತ ನಿಲ್ಲುತ್ತದೆ. ಬಿಟ್ಟರೆ ಮೊದಲಿಗಿಂತ ಅಗಲವಾಗಿ ಬರುತ್ತದೆ.

ಡಾಕ್ಟರ್: ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದು ಇದೆಯೇ ನೋಡಿ. ಇದ್ದರೆ ಇಂದೇ ನಿಲ್ಲಿಸಿ. ಅವು ಸ್ಟೀರಾಯ್ಡ್. ಕಡಿತವನ್ನು ಅಡಗಿಸುತ್ತವೆ, ಶಿಲೀಂಧ್ರವನ್ನು ಬೆಳೆಸುತ್ತವೆ. ತೊಡೆಸಂದಿಯ ಚರ್ಮ ತೆಳುವಾಗಿ, ಹೆರಿಗೆಯಾದವರ ಹೊಟ್ಟೆಯ ಮೇಲೆ ಇರುವಂಥ ಗೆರೆಗಳು ಬೀಳುತ್ತವೆ. ಅವು ಮತ್ತೆ ಪೂರ್ತಿ ಹೋಗುವುದಿಲ್ಲ. ಎಂಟು ತಿಂಗಳ ಹುಳುಕಡ್ಡಿಗೆ ಮುಲಾಮು ಸಾಲದು, ವಾರಗಟ್ಟಲೆ ಮಾತ್ರೆ ಬೇಕು. ಅದನ್ನು ಪರೀಕ್ಷಿಸಿದ ವೈದ್ಯರೇ ಬರೆದುಕೊಡಬೇಕು. ಮನೆಯಲ್ಲಿ ಇನ್ನಾರಿಗೆ ಇದೆಯೋ ಅವರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಟವೆಲ್ಲು ಬೇರೆ ಇಡಿ. ಒಳಉಡುಪನ್ನು ಒಳಮಗ್ಗುಲು ಹೊರಗೆ ತಿರುಗಿಸಿ ಬಿಸಿಲಿಗೆ ಹಾಕಿ.

ಮದ್ದೂರಿನ ಸದಸ್ಯ: ಡಾಕ್ಟರೇ, ನನಗೂ ಸೊಂಟದ ಸುತ್ತ ಗಜಕರ್ಣ. ಯಾವ ಮುಲಾಮು ಹಚ್ಚಲಿ?

ಡಾಕ್ಟರ್: ಮೇಲಿನ ಉತ್ತರವೇ ನಿಮಗೂ.

ಕುವೆಂಪುನಗರದ ಸದಸ್ಯೆ: ಮೇಡಂ, ಮುಂದಿನ ತಿಂಗಳು ಮದುವೆ. ಮುಖ ಬೆಳ್ಳಗಾಗಲು ಇಂಜೆಕ್ಷನ್ ಇದೆಯಂತಲ್ಲ, ಒಳ್ಳೆಯದೇ?

ಮಳವಳ್ಳಿ ಕಡೆಯ ಸದಸ್ಯೆ: ನಮಸ್ಕಾರ ಮೇಡಂ. ಅಪ್ಪನಿಗೆ 52 ವರ್ಷ. ಬಲಗೈ ಮೊಣಕೈಯಿಂದ ಕೆಳಗೆ ಅಂಗೈಯಷ್ಟು ಅಗಲದ ಮಾಸಲು ಮಚ್ಚೆ ಇದೆ, ಒಂದೂವರೆ ವರ್ಷವಾಯಿತು. ಬೆನ್ನಿನ ಮೇಲೂ ಎರಡು ಇವೆ. ತುರಿಕೆ ಇಲ್ಲ. ತೊನ್ನು ಎಂದು ಒಬ್ಬರು, ಚಿಬ್ಬು ಎಂದು ಇನ್ನೊಬ್ಬರು ಹೇಳಿದರು. ತಂಗಿಗೆ ಗಂಡು ನೋಡುತ್ತಿದ್ದೇವೆ, ತೊನ್ನಾದರೆ ಕಷ್ಟ ಎಂದು ಮನೆಯಲ್ಲಿ ಚಿಂತೆ. ಇನ್ನೊಂದು ವಿಷಯ, ಅವರ ಕಿರುಬೆರಳಿನ ಮೇಲೆ ಸುಟ್ಟ ಗುಳ್ಳೆ ಒಡೆದು ಹುಣ್ಣಾಗಿದೆ. ಆಲೆಮನೆಯಲ್ಲಿ ಕೆಲಸ ಮಾಡುವವರಿಗೆ ಅದು ಇದ್ದದ್ದೇ. ಅದಕ್ಕೂ ಒಂದು ಮುಲಾಮು ಹೇಳಿಬಿಡಿ.

ನಿವೃತ್ತ ಶಿಕ್ಷಕರು, ಮಂಡ್ಯ: ತಾಯಿ, ಬಿಳಿ ಮಚ್ಚೆಗೆ ಗಾಬರಿ ಬೇಡ. ನನಗೆ ಬಂದ ಸಂದೇಶ ಇಲ್ಲಿದೆ: ಬಾವಂಚಿ ಬೀಜವನ್ನು ನಿಂಬೆರಸದಲ್ಲಿ ಅರೆದು, ಹಚ್ಚಿ, ಎಳೆಬಿಸಿಲಿಗೆ ಕುಳಿತರೆ 21 ದಿನದಲ್ಲಿ ಚರ್ಮ ಮೊದಲಿನ ಬಣ್ಣಕ್ಕೆ ಬರುತ್ತದೆ. ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ. ಬಾವಂಚಿಯಲ್ಲಿ ಸೋರಲೆನ್ ಎಂಬ ವಸ್ತು ಇದೆ. ಅದು ಚರ್ಮಕ್ಕೆ ತಾಗಿದ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ನಿಂಬೆರಸವೂ ಬಿಸಿಲಿನಲ್ಲಿ ಹಾಗೆಯೇ ಸುಡುತ್ತದೆ. ನಾವು ತೊನ್ನಿಗೆ ಇದೇ ಜಾತಿಯ ಔಷಧವನ್ನು ಅಳತೆ ನೋಡಿ, ಬೆಳಕಿನ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಕೊಡುತ್ತೇವೆ. ಅರೆದು ಮೆತ್ತಿಕೊಂಡು ಬಿಸಿಲಲ್ಲಿ ಕೂರುವುದಕ್ಕೆ ಅಳತೆ ಎಲ್ಲಿದೆ? ಎರಡೂ ಕೆನ್ನೆ ಬೊಬ್ಬೆಯೆದ್ದು ಬಂದ ಹುಡುಗಿಯೊಬ್ಬಳಿಗೆ ನಾನೇ ತಿಂಗಳುಗಟ್ಟಲೆ ಚಿಕಿತ್ಸೆ ಮಾಡಿದ್ದೇನೆ.

ಮಳವಳ್ಳಿ ಕಡೆಯವರೇ, ನಿಮ್ಮ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಬೆರಳು ಸುಟ್ಟಾಗ ನಿಮ್ಮ ತಂದೆ ಕೈ ಎಳೆದುಕೊಂಡರೇ? ನೋವು ಎಂದರೇ? ಆ ಕೈಯಲ್ಲಿ ಹಿಡಿತ ಕಡಿಮೆಯಾಗಿದೆಯೇ? ಈಗಲೇ ಒಂದು ಕೆಲಸ ಮಾಡಿ. ದೀಪದ ಬತ್ತಿಗೆ ಇಟ್ಟಿರುವ ಹತ್ತಿಯಿಂದ ಒಂದೆಳೆ ಹೊಸೆದು, ತುದಿಯನ್ನು ಮೊದಲು ಎಡಗೈಗೆ ತಾಗಿಸಿ ತೋರಿಸಿ. ಆಮೇಲೆ ಅವರು ಕಣ್ಣು ಮುಚ್ಚಲಿ. ತಾಗಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಹೊರಗೆ, ಕ್ರಮ ತಪ್ಪಿಸಿ ತಾಗಿಸಿ. ಸೂಜಿ ಚುಚ್ಚಬೇಡಿ, ಬಿಸಿ ಮುಟ್ಟಿಸಬೇಡಿ.

ಪಾಂಡವಪುರದ ರೈತರು: ಡಾಕ್ಟರಮ್ಮ, ನನಗೆ 58. ನಾಲ್ಕು ವರ್ಷದಿಂದ ಮುಖ, ಕತ್ತು, ಮೊಣಕೈ ಒಳಮಡಿಕೆಯಲ್ಲಿ ಕಡಿತ. ಚರ್ಮ ಆನೆಯ ಚರ್ಮದಂತೆ ದಪ್ಪವಾಗಿದೆ. ಮಳೆಗಾಲದಲ್ಲಿ ಜಾಸ್ತಿ. ಮಗಳ ಮನೆಗೆ ಬೆಂಗಳೂರಿಗೆ ಹೋದರೆ ಹದಿನೈದು ದಿನದಲ್ಲಿ ಅರ್ಧ ವಾಸಿ, ಗದ್ದೆಗೆ ಬಂದರೆ ಮತ್ತೆ ಅದೇ. ಬದನೆಕಾಯಿ, ಮೀನು ಎಲ್ಲ ಬಿಟ್ಟಿದ್ದೇನೆ.

ಡಾಕ್ಟರ್: ಅಣ್ಣ, ಬದನೆಕಾಯಿ ತಿನ್ನಿ, ಮೀನೂ ತಿನ್ನಿ. ಊರು ಬಿಟ್ಟರೆ ಕಡಿಮೆ, ಬಂದರೆ ಜಾಸ್ತಿ ಎಂದು ನೀವೇ ಅರ್ಧ ರೋಗ ಪತ್ತೆ ಮಾಡಿದ್ದೀರಿ. ಬದುಗಳ ಮೇಲೆ ಕಾಂಗ್ರೆಸ್ ಗಿಡ ಇರಬೇಕಲ್ಲವೇ? 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಕಳೆ ಅದು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಕಡೆಯೆಲ್ಲ ಕೂರುತ್ತದೆ. ಅದರಲ್ಲಿರುವ ಪಾರ್ಥೆನಿನ್ ಕೆಲವರಿಗೆ ಒಗ್ಗುವುದಿಲ್ಲ. ರೆಪ್ಪೆ, ಕಿವಿಯ ಹಿಂದೆ, ಗದ್ದದ ಕೆಳಗೆ ಕೂಡ ಇದ್ದರೆ ಬಿಸಿಲಿನ ಅಲರ್ಜಿಗಿಂತ ಇದರ ಮೇಲೆಯೇ ಅನುಮಾನ, ಏಕೆಂದರೆ ಅಲ್ಲಿ ಬಿಸಿಲು ಬೀಳುವುದಿಲ್ಲ, ಪುಡಿ ಹೋಗುತ್ತದೆ. ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆಯಿಂದ ಖಚಿತವಾಗುತ್ತದೆ. ಗಿಡವನ್ನು ನೀವು ಕೀಳಬೇಡಿ, ಸುಡಲೂ ಬೇಡಿ. ತುಂಬುತೋಳಿನ ಅಂಗಿ, ಗದ್ದೆಯಿಂದ ಬಂದ ಕೂಡಲೇ ಸ್ನಾನ, ಒಗೆದ ಬಟ್ಟೆ ಮನೆಯೊಳಗೆ ಒಣಗಲಿ. ಕಾಯಿಲೆ ನಿಮ್ಮಷ್ಟು ಹಳೆಯದಾದವರಿಗೆ, ದೇಹದ ಅತಿಯಾದ ಪ್ರತಿಕ್ರಿಯೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಡುವುದುಂಟು. ರಕ್ತ ಪರೀಕ್ಷೆ ತಪ್ಪಿಸದೆ ಮಾಡಿಸುವುದಾದರೆ ಮಾತ್ರ.

ಮದ್ದೂರಿನ ಸದಸ್ಯ: ಮೇಡಂ, ಮಾತ್ರೆಯ ಹೆಸರನ್ನಾದರೂ ಹೇಳಿ. ಹುಳುಕಡ್ಡಿಗೆ.

ಡಾಕ್ಟರ್: ಹೇಳುವುದಿಲ್ಲ. ಯಕೃತ್ತಿನ ಸ್ಥಿತಿ, ನೀವು ನುಂಗುವ ಬೇರೆ ಮಾತ್ರೆ ಯಾವುದೂ ನನಗೆ ಗೊತ್ತಿಲ್ಲ. ಹೋಗಿ ತೋರಿಸಿ.

ನಾಗಮಂಗಲದ ಸದಸ್ಯ: ಅಮ್ಮನಿಗೆ 66. ಸಕ್ಕರೆ ಕಾಯಿಲೆ ಇದೆ. ನಿನ್ನೆಯಿಂದ ಹಣೆಯ ಎಡಗಡೆ, ಮೂಗಿನ ತುದಿಯಲ್ಲಿ ನೀರುಗುಳ್ಳೆ, ಉರಿ. ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿಸಿದ್ದೇವೆ. ಮೂರು ದಿನ ಹಚ್ಚಿಸಬೇಕಂತೆ.

ಡಾಕ್ಟರ್: ಇಂದೇ ಹೊರಡಿ. ಮೂಗಿನ ತುದಿಯಲ್ಲಿ ಗುಳ್ಳೆ ಇದ್ದರೆ ಕಣ್ಣಿಗೂ ಇಳಿದಿರುವ ಸಂಭವ ಹೆಚ್ಚು. ಸರ್ಪಸುತ್ತಿನ ವೈರಸ್ಸನ್ನು ತಡೆಯುವ ಔಷಧವನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಬೇಕು, ಮೂರು ದಿನ ಮಣ್ಣಿಗೆ ಕೊಟ್ಟರೆ ಆ ಹೊತ್ತು ಮುಗಿಯುತ್ತದೆ. ಕಣ್ಣಿನ ವೈದ್ಯರೂ ಇರುವ ಆಸ್ಪತ್ರೆಗೆ ಹೋಗಿ. ತಲುಪಿದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ನಿವೃತ್ತ ಶಿಕ್ಷಕರು: ಕೆಮ್ಮಣ್ಣಿನಿಂದ ನಮ್ಮ ಊರಿನಲ್ಲಿ ನೂರಾರು ಜನರಿಗೆ ವಾಸಿಯಾಗಿದೆ ಮೇಡಂ.

ಡಾಕ್ಟರ್: ಸರ್ಪಸುತ್ತಿನ ಗುಳ್ಳೆ ಏನೂ ಹಚ್ಚದಿದ್ದರೂ ಎರಡು ಮೂರು ವಾರದಲ್ಲಿ ಒಣಗುತ್ತದೆ. ಹೋಗುವುದು ಕಣ್ಣು. ಉಳಿಯುವುದು ವರ್ಷಗಟ್ಟಲೆಯ ನರದ ಉರಿ. ಅವರನ್ನು ತಡೆಯಬೇಡಿ.

ಮಳವಳ್ಳಿ ಕಡೆಯ ಸದಸ್ಯೆ: ಮೇಡಂ, ಮಾಡಿದೆ. ಮಚ್ಚೆಯ ಮೇಲೆ ಏಳು ಸಲ ತಾಗಿಸಿದೆ, ಅಪ್ಪ ಒಂದು ಸಲವೂ ಬೆರಳು ಎತ್ತಲಿಲ್ಲ. ಹೊರಗೆ ತಾಗಿಸಿದಾಗಲೆಲ್ಲ ಸರಿಯಾಗಿ ತೋರಿಸಿದರು. ಕಣ್ಣು ಬಿಟ್ಟು, “ಇನ್ನೂ ಶುರು ಮಾಡಲಿಲ್ಲವೇ?” ಎಂದು ಕೇಳಿದರು. ಕೊಪ್ಪರಿಗೆಯ ಅಂಚಿಗೆ ಬೆರಳು ತಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲವಂತೆ, ಪಕ್ಕದವರು ಕೂಗಿದ ಮೇಲೆ ನೋಡಿಕೊಂಡರಂತೆ. ಕಿರುಬೆರಳು ಒಳಕ್ಕೆ ಮಡಚಿಕೊಂಡೇ ಇರುತ್ತದೆ. ಎರಡು ತಿಂಗಳಿಂದ ಅಂಗಿಯ ಗುಂಡಿಗೆ ಅಮ್ಮನನ್ನು ಕರೆಯುತ್ತಾರೆ. ವಯಸ್ಸಾಯಿತು ಎಂದುಕೊಂಡಿದ್ದೆವು.

ಡಾಕ್ಟರ್: ಇದನ್ನು ನಿಧಾನವಾಗಿ, ಪೂರ್ತಿ ಓದಿ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿರುತ್ತದೆ, ಅದರಲ್ಲಿ ಸ್ಪರ್ಶ ಹೋಗುವುದಿಲ್ಲ. ಚಿಬ್ಬಿನಲ್ಲೂ ಹೋಗುವುದಿಲ್ಲ. ಮಾಸಲು ಮಚ್ಚೆ, ಅದರಲ್ಲಿ ಸ್ಪರ್ಶವಿಲ್ಲ, ಅದೇ ಕೈಯ ಕಿರುಬೆರಳು ಮಡಚಿದೆ, ಸುಟ್ಟರೂ ನೋವಿಲ್ಲ ಎಂದರೆ ನಾನು ಮೊದಲು ಯೋಚಿಸುವುದು ಹ್ಯಾನ್ಸನ್ ಕಾಯಿಲೆಯನ್ನು. ಕುಷ್ಠ ಎಂದು ಕರೆಯುವುದು ಇದನ್ನೇ. ಇದು ಚರ್ಮವನ್ನಷ್ಟೇ ಅಲ್ಲ, ನರವನ್ನೂ ಹಿಡಿಯುತ್ತದೆ. ಹೆದರಿಸಲು ಬರೆಯುತ್ತಿಲ್ಲ. ಪೂರ್ತಿ ಗುಣವಾಗುವ ಕಾಯಿಲೆ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಇಲ್ಲಿ ಕುಳಿತು ಇದೇ ಎಂದು ತೀರ್ಮಾನಿಸಲಾರೆ. ಪರೀಕ್ಷಿಸುವವರು ಮೊಣಕೈಯ ಒಳಬದಿಯ ಮೂಳೆಯ ಹಿಂದೆ ಬೆರಳಿಟ್ಟು ನರ ದಪ್ಪವಾಗಿದೆಯೇ ಎಂದು ಹೊರಳಿಸಿ ನೋಡುತ್ತಾರೆ. ಕುತ್ತಿಗೆಯ ಪಕ್ಕ, ಮಂಡಿಯ ಕೆಳಗೆ ಹೊರಬದಿಯಲ್ಲೂ ನೋಡುತ್ತಾರೆ. ಕಿವಿಹಾಲೆಯಿಂದ ಸಣ್ಣ ಮಾದರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ರೋಗಾಣು ಹುಡುಕುತ್ತಾರೆ, ಬೇಕಾದರೆ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ರೋಗಾಣು ಸಿಗದಿದ್ದರೂ ಕಾಯಿಲೆ ಇರಬಹುದು, ಆ ಒಂದು ಚೀಟಿ ಹಿಡಿದು ಮನೆಗೆ ಹಿಂದಿರುಗಬೇಡಿ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಮಂಡ್ಯದ ಮಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಔಷಧ ಸರ್ಕಾರದಿಂದ ಉಚಿತ. ಮಚ್ಚೆಗಳ ಸಂಖ್ಯೆ, ನರಗಳ ಸ್ಥಿತಿ ನೋಡಿ 6 ತಿಂಗಳೋ 12 ತಿಂಗಳೋ ಕೊಡುತ್ತಾರೆ. ಅದರಲ್ಲಿರುವ ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಕ್ಲೊಫಾಜಿಮಿನ್ ಇದ್ದರೆ ಮೈ ಕಪ್ಪಗಾಗಿ ಆಮೇಲೆ ತಿಳಿಯಾಗುತ್ತದೆ. ಇದನ್ನು ಮೊದಲೇ ಹೇಳುತ್ತಿರುವುದು, ಹೆದರಿ ಮಾತ್ರೆ ನಿಲ್ಲಿಸುವವರನ್ನು ಕಂಡಿರುವುದರಿಂದ.

ನನ್ನ ಆತಂಕ ಮಚ್ಚೆಯದಲ್ಲ, ಕಿರುಬೆರಳಿನದು. ಗುಂಡಿ ಹಾಕಲಾಗದೆ ಎರಡು ತಿಂಗಳಷ್ಟೇ ಆಗಿದ್ದರೆ ಆ ಬೆರಳಿನ ನರವನ್ನು ಉಳಿಸಿಕೊಳ್ಳುವ ಕಾಲ ಇನ್ನೂ ಇದೆ. ಬಲ ಹೋಗಿ ಆರು ತಿಂಗಳೊಳಗಾದರೆ ಸ್ಟೀರಾಯ್ಡ್ ಮಾತ್ರೆಯಿಂದ ಎಷ್ಟೋ ಮರಳುತ್ತದೆ, ದಾಟಿದರೆ ಕಷ್ಟ. ಮೇಲೆ ಸ್ಟೀರಾಯ್ಡ್ ಬೇಡ ಎಂದೆ, ಇಲ್ಲಿ ಬೇಕು ಎನ್ನುತ್ತಿದ್ದೇನೆ. ಎರಡೂ ನಿಜ. ಯಾರಿಗೆ, ಯಾವಾಗ, ಎಷ್ಟು ಎನ್ನುವುದೇ ವೈದ್ಯಶಾಸ್ತ್ರ. ಅಲ್ಲಿಯವರೆಗೆ ಕೊಪ್ಪರಿಗೆ ಕೆಲಸ ಬೇಡ. ಹುಣ್ಣನ್ನು ಶುದ್ಧ ನೀರಿನಲ್ಲಿ ತೊಳೆದು ಬಟ್ಟೆ ಸುತ್ತಿ. ಬಿಸಿ ಲೋಟವನ್ನು ಆ ಕೈಯಲ್ಲಿ ಹಿಡಿಯಬಾರದು.

ವಿಜಯನಗರದ ಸದಸ್ಯ: ಗುಂಪಿನವರ ಗಮನಕ್ಕೆ. ಅವರು ಬೆಲ್ಲ ಮಾಡುವ ಜಾಗದಲ್ಲಿದ್ದಾರೆ. ಯಾವ ಊರು ಎಂದು ತಿಳಿಸಿದರೆ ನಾವು ಆ ಬೆಲ್ಲ ಕೊಳ್ಳುವುದನ್ನು ಬಿಡಬಹುದು.

ಪಾಂಡವಪುರದ ರೈತರು: ಸ್ವಾಮಿ, ಒಬ್ಬ ಹೆಣ್ಣುಮಗಳು ಅಪ್ಪನ ಕಷ್ಟ ಹೇಳಿಕೊಂಡರೆ ನಿಮಗೆ ಬೆಲ್ಲದ ಚಿಂತೆಯೇ?

ವಿಜಯನಗರದ ಸದಸ್ಯ: ನನ್ನ ಮನೆಯಲ್ಲಿ ಮಕ್ಕಳಿದ್ದಾರೆ. ಕೇಳುವ ಹಕ್ಕಿದೆ.

ನಿವೃತ್ತ ಶಿಕ್ಷಕರು: ಹಿರಿಯರು ಇದನ್ನು ಪೂರ್ವಜನ್ಮದ ಕರ್ಮ ಎಂದಿದ್ದಾರೆ. ಔಷಧದ ಜೊತೆ ನಾಗಪ್ರತಿಷ್ಠೆಯನ್ನೂ ಮಾಡಿಸಲಿ.

ಸರಸ್ವತೀಪುರಂ ಸದಸ್ಯೆ: ಮೇಷ್ಟ್ರೇ, ನಿಮ್ಮ ವಯಸ್ಸಿಗೆ ಗೌರವ ಕೊಟ್ಟು ಸುಮ್ಮನಿದ್ದೆ. ಇನ್ನು ಇಲ್ಲ. ಆ ತಂಗಿಯ ಮದುವೆ ಮಾತುಕತೆಯ ಸಮಯದಲ್ಲಿ ಕರ್ಮ ಎನ್ನುತ್ತೀರಲ್ಲ!

ವಿಜಯನಗರದ ಸದಸ್ಯ: ಭಾವುಕರಾಗಬೇಡಿ. ಕಾನೂನೇ ಈ ರೋಗಕ್ಕೆ ವಿಚ್ಛೇದನ ಕೊಡುತ್ತದೆ.

ವಕೀಲರು, ಮೈಸೂರು: ಕೊಡುವುದಿಲ್ಲ. 2019ರಲ್ಲಿ ಸಂಸತ್ತು ವೈಯಕ್ತಿಕ ಕಾನೂನುಗಳಿಗೆ ತಿದ್ದುಪಡಿ ತಂದು, ವಿಚ್ಛೇದನದ ಕಾರಣಗಳಿಂದ ಕುಷ್ಠರೋಗವನ್ನು ತೆಗೆದುಹಾಕಿದೆ. ತಿಳಿಯದೆ ಬರೆಯಬೇಡಿ.

ವಿಜಯನಗರದ ಸದಸ್ಯ: ಕಾನೂನು ಬದಲಾದರೆ ರೋಗ ಬದಲಾಗುತ್ತದೆಯೇ?

ಡಾಕ್ಟರ್: ಬದಲಾಗಿದೆ. 1980ರ ದಶಕದಿಂದ ಬಹುಔಷಧ ಚಿಕಿತ್ಸೆ ಇದೆ. ಔಷಧ ಶುರುವಾದ ಮೇಲೆ ಬಹಳ ಬೇಗ ಅವರಿಂದ ಹರಡುವುದು ನಿಲ್ಲುತ್ತದೆ. ಹರಡುವುದು ಬೆಲ್ಲದಿಂದಲ್ಲ, ಕೈಕುಲುಕುವುದರಿಂದಲ್ಲ. ಔಷಧ ಕಾಣದ ರೋಗಿಯ ಜೊತೆ ದೀರ್ಘಕಾಲ ಒಂದೇ ಮನೆಯಲ್ಲಿ ಇದ್ದಾಗ ಮೂಗು, ಬಾಯಿಯ ತುಂತುರಿನಿಂದ. ಹಾಗೆ ಹರಡುವುದಕ್ಕೂ ಬಹುತೇಕರ ದೇಹದಲ್ಲಿ ಸಹಜ ತಡೆ ಇದೆ. ಕರ್ಮದ ಮಾತಿಗೆ ಉತ್ತರ: ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದರು. ಅಂದಿಗೇ ಆ ಮಾತು ಮುಗಿಯಬೇಕಿತ್ತು.

ಇಂಥ ಮಾತಿಗೆ ಹೆದರಿಯೇ ಜನ ಮಚ್ಚೆಯನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ವರ್ಷ ಕಳೆಯುತ್ತಾರೆ. 2005ರ ಕೊನೆಗೆ ದೇಶದಲ್ಲಿ 10,000 ಮಂದಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಗುರಿ ಮುಟ್ಟಿತು, ಜನ ಅದನ್ನು ಕಾಯಿಲೆಯೇ ಹೋಯಿತು ಎಂದು ಕೇಳಿಸಿಕೊಂಡರು. ನಮ್ಮ ವೈದ್ಯರಲ್ಲೂ ಮಚ್ಚೆಯನ್ನು ಮುಟ್ಟದೆ ಮುಲಾಮು ಬರೆಯುವವರು ಹೆಚ್ಚಾದರು. ಊರಿನ ಹೆಸರು ಕೇಳಿದವರು ಇನ್ನೊಮ್ಮೆ ಕೇಳಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ.

ನಿರ್ವಾಹಕರು: ವಿಜಯನಗರದ ಸದಸ್ಯರ ಆ ಸಂದೇಶಕ್ಕೆ ಯಾರೂ ಉತ್ತರಿಸಬೇಡಿ. ಅವರನ್ನು ಒಂದು ವಾರ ತಡೆಹಿಡಿದಿದ್ದೇನೆ.

ನಿವೃತ್ತ ಶಿಕ್ಷಕರು: ಹಿರಿಯರ ಮಾತಿಗೆ ಬೆಲೆಯಿಲ್ಲದ ಕಡೆ ನಾನೂ ಇರುವುದಿಲ್ಲ.

ಹೂಟಗಳ್ಳಿಯ ಸದಸ್ಯ: ಡಾಕ್ಟರೇ, ಕೂದಲು ಉದುರುವುದಕ್ಕೆ ಏನು ಮಾಡಬೇಕು? ಮೂರನೆಯ ಸಲ ಕೇಳುತ್ತಿದ್ದೇನೆ.

ಸರಸ್ವತೀಪುರಂ ಸದಸ್ಯೆ: ಸ್ವಲ್ಪ ತಡೆದುಕೊಳ್ಳಿ.

ನಾಗಮಂಗಲದ ಸದಸ್ಯ: ಮೇಡಂ, ಆಸ್ಪತ್ರೆ ತಲುಪಿದೆವು. ಕಣ್ಣಿಗೂ ಇಳಿದಿದೆ, ಈಗ ಬಂದದ್ದು ಒಳ್ಳೆಯದಾಯಿತು ಎಂದರು. ಮಾತ್ರೆ ಶುರುವಾಗಿದೆ.

ಡಾಕ್ಟರ್: ಒಳ್ಳೆಯದು. ಸಕ್ಕರೆ ಎಷ್ಟಿದೆ ಎಂದೂ ನೋಡಿಸಿ.

ಮಳವಳ್ಳಿ ಕಡೆಯ ಸದಸ್ಯೆ: ಮೇಡಂ, ಎಲ್ಲವನ್ನೂ ಓದಿದೆ. ಅಪ್ಪನಿಗೆ ಕಾಯಿಲೆಯ ಹೆಸರು ಹೇಳಲಿಲ್ಲ, ನರದ ಪರೀಕ್ಷೆ ಎಂದೆ. ತಪ್ಪೇ? ಮನೆಯಲ್ಲಿ ತಂಗಿ, ನನ್ನ ಐದು ವರ್ಷದ ಮಗ ಇದ್ದಾರೆ. ಅವನು ತಾತನ ಪಕ್ಕದಲ್ಲೇ ಮಲಗುವುದು.

ಡಾಕ್ಟರ್: ಇಂದಿಗೆ ತಪ್ಪಲ್ಲ. ಪರೀಕ್ಷೆಯಾದ ಮೇಲೆ ವೈದ್ಯರ ಎದುರಿನಲ್ಲೇ ಹೆಸರು ಹೇಳಿಸಿ. ಹೆಸರು ತಿಳಿಯದವರು ಮಾತ್ರೆ ಬೇಗ ಬಿಡುತ್ತಾರೆ. ಮಗುವನ್ನೂ ತಂಗಿಯನ್ನೂ ಕರೆದುಕೊಂಡು ಹೋಗಿ, ಮೈಯೆಲ್ಲ ನೋಡುತ್ತಾರೆ. ಮನೆಯವರಿಗೆ ತಡೆಗಾಗಿ ಒಂದೇ ಸಲ ಕೊಡುವ ರಿಫಾಂಪಿಸಿನ್ ಇದೆ, ವಯಸ್ಸು ತೂಕ ನೋಡಿ ಅಲ್ಲಿಯೇ ನಿರ್ಧರಿಸುತ್ತಾರೆ. ತಟ್ಟೆ ಲೋಟ ಬೇರೆ ಮಾಡಬೇಡಿ.

ಮಳವಳ್ಳಿ ಕಡೆಯ ಸದಸ್ಯೆ: ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಆಲೆಮನೆಯವರಿಗೆ ಅಪ್ಪ ಬರುವುದಿಲ್ಲ ಎಂದು ತಿಳಿಸಿದ್ದೇನೆ.

ಡಾಕ್ಟರ್: ಮಚ್ಚೆ ಇದ್ದಕ್ಕಿದ್ದಂತೆ ಕೆಂಪಗಾಗಿ ಊದಿದರೆ, ಮೊಣಕೈಯಲ್ಲಿ ನೋವು ಶುರುವಾದರೆ, ಕಣ್ಣು ಕೆಂಪಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ರಾತ್ರಿಯೇ ಹೊರಡಿ.