ಅಪ್‌ಡೇಟ್: ಬಿಎ ಸೈಕಾಲಜಿ ಆದಮೇಲೆ ಮಗಳ ಮುಂದಿನ ದಾರಿ

ಮೂರು ವಾರದ ಹಿಂದೆ ಕೇಳಿದ್ದೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯವರು, ಮಗಳ ಬಿಎ ಸೈಕಾಲಜಿ ಮುಗೀತು, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂತೆ, ಏನು ಮಾಡೋದು ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಆರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾ ಸಾಕು ಅಂದಿದ್ರು ಒಬ್ಬರು. ಅದು ನಮಗೆ ಆಗಿಬರಲಿಲ್ಲ. ಥಾಣೆ ನಗರದ ಒಂದು ಸಂಸ್ಥೆಗೆ ಹೋಗಿ ‘ಆರ್‌ಸಿಐ ಮಾನ್ಯತೆ ಇದೆಯಾ?’ (ಆರ್‌ಸಿಐ ಅಂದ್ರೆ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡೋ ಭಾರತೀಯ ಪುನರ್ವಸತಿ ಪರಿಷತ್ತು) ಅಂತ ಕೇಳಿದ್ದೇ ತಡ, ಅಲ್ಲಿನವರು ಫೀಸಿನ ಕಂತಿನ ಮಾತು ತೆಗೆದರು. ಎದ್ದು ಬಂದೆವು.

ಕೈಹಿಡಿದದ್ದು ‘ದುಡ್ಡು ಕಟ್ಟೋ ಮುಂಚೆ ಆರ್‌ಸಿಐ ಪಟ್ಟಿ ನೋಡಿ’ ಅಂದ ಅಕ್ಕನ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಓದಿಸಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಬರೀ ಸೈಕಾಲಜಿ ಎಂಎ ಸಾಲದು, ಆರ್‌ಸಿಐ ಮಾನ್ಯತೆ ಇರೋ ಕ್ಲಿನಿಕಲ್ ಸೈಕಾಲಜಿ ಅರ್ಹತೆ ಬೇಕು, ಇಲ್ಲಾ ಎಂಎ ಮೇಲೆ ಆರ್‌ಸಿಐ ಮಾನ್ಯತೆಯ ಎರಡು ವರ್ಷದ ಪೂರ್ಣಾವಧಿ ಎಂಫಿಲ್, ಮೇಲ್ವಿಚಾರಣೆಯ ತರಬೇತಿ ಸಮೇತ, ಅಂತ ಅದರಲ್ಲಿದೆ. ಈಗ ಈ ಕೋರ್ಸುಗಳ ಹೆಸರು, ಸ್ವರೂಪ ಬದಲಾಗ್ತಿವೆ, ಹಾಗಾಗಿ ಸೇರೋ ವರ್ಷದ ಆರ್‌ಸಿಐ ಪಟ್ಟಿಯನ್ನೇ ನೋಡಿ. ಮಗಳು ಸದ್ಯ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಅಪ್ಲೈಡ್ ಸೈಕಾಲಜಿ ವಿಭಾಗಕ್ಕೆ ಎಂಎ ಅರ್ಜಿ ಹಾಕಿದ್ದಾಳೆ.

ನಾನು ಎಣಿಸದೇ ಇದ್ದ ವಿಷಯ ಇನ್ನೊಂದು. ಕೆಲಸದಲ್ಲಿರುವ ಒಬ್ಬ ಸೈಕಾಲಜಿಸ್ಟ್ ಮೇಡಂ ಹತ್ತಿರ ಮಾತಾಡಿ ಅಂದಿದ್ರಲ್ಲ, ಮಾತಾಡಿದ್ವಿ. ‘ನಿನ್ನ ಕನ್ನಡ ಬಿಡಬೇಡಮ್ಮಾ’ ಅಂದರು. ವಿಜಯಪುರದ ಕಡೆಯಿಂದ ದುಡಿಯೋಕೆ ಬಂದವರು ಹಿಂದಿಯಲ್ಲಿ ‘ಟೆನ್ಶನ್’ ಅಂತ ಸುಮ್ಮನಾಗ್ತಾರಂತೆ. ಕನ್ನಡದಲ್ಲಿ ಕೇಳಿದರೆ ‘ಎದಿ ಭಾರ ಆಗೇತ್ರಿ, ರಾತ್ರಿ ನಿದ್ದಿ ಹತ್ತವಲ್ದು’ ಅಂತ ಶುರುಮಾಡಿ ಅರ್ಧ ಗಂಟೆ ಹೇಳ್ತಾರಂತೆ. ಮಗಳು ಅದನ್ನ ಹಾಗೇ ನೋಟ್‌ಬುಕ್ಕಲ್ಲಿ ಬರ್ಕೊಂಡಳು.

ಸೀಟಿನ ಸುದ್ದಿ ಬಂದಮೇಲೆ ಇಲ್ಲೇ ತಿಳಿಸ್ತೀನಿ.